ಎಂಟು ಜಿಬಿ, ಹನ್ನೆರಡು ಜಿಬಿ ಮತ್ತು ನನ್ನ ಸಹಿ

2022ರಲ್ಲಿ ನಾನು ಚಾಮರಾಜಪೇಟೆಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಸರ್ವೀಸ್ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಮುಖ್ಯಸ್ಥೆ ಎಂದರೆ ಮಹಾ ಏನಲ್ಲ. ಅಂಗಡಿಯ ಹಿಂಬದಿಯ ಕೋಣೆ, ಉದ್ದನೆಯ ಒಂದು ಮೇಜು, ಅದರ ತುಂಬ ಬಿಚ್ಚಿಟ್ಟ ಯಂತ್ರಗಳು, ಮತ್ತು ನಾನು. ಆ ಹೊತ್ತಿಗೆ ಅಲ್ಲಿ ಹತ್ತೊಂಬತ್ತು ವರ್ಷ ದುಡಿದಿದ್ದೆ.

ನಮ್ಮಲ್ಲೊಂದು ಪದ್ಧತಿ ಇತ್ತು. ಎರಡು ವಸ್ತುಗಳ ನಡುವೆ ಯಾವುದನ್ನು ಕೊಳ್ಳಬೇಕೆಂದು ಗಿರಾಕಿಗೆ ತೋಚದಿದ್ದರೆ, ಎರಡನ್ನೂ ನನ್ನ ಮೇಜಿನ ಮೇಲೆ ಓಡಿಸಿ, ಫಲಿತಾಂಶವನ್ನು ಒಂದು ಹಾಳೆಯಲ್ಲಿ ಬರೆದು, ಕೆಳಗೆ ಸಹಿ ಹಾಕಿ ಕೊಡುತ್ತಿದ್ದೆ. ಎಲ್ಲರ ಬಾಯಲ್ಲೂ ಅದು ‘ಮೇಡಂ ಹಾಳೆ’. ಅದನ್ನು ಓದಿದ ಮೇಲೆ ಯಾರೂ ಇನ್ನೊಂದು ಅಂಗಡಿಯ ಮೆಟ್ಟಿಲು ಹತ್ತುತ್ತಿರಲಿಲ್ಲ. ನನಗೆ ಅದರ ಜಂಬವೂ ಇತ್ತು, ಮುಚ್ಚಿಡುವುದೇಕೆ.

ಅದಕ್ಕೆ ನಾಲ್ಕು ವರ್ಷ ಮೊದಲು ಸೇಲ್ಸ್‌ಗೆ ಬಸವರಾಜ್ ಸೇರಿದ್ದ. ನನಗಿಂತ ಇಪ್ಪತ್ತು ವರ್ಷ ಚಿಕ್ಕವನು, ಮಾತು ಮೃದು, ಕೆಲಸ ಚುರುಕು. ಬರಬರುತ್ತಾ ಗಿರಾಕಿಗಳು ಬಾಗಿಲಲ್ಲೇ ನಿಂತು “ಬಸವರಾಜ್ ಇಲ್ವಾ?” ಎಂದು ಕೇಳತೊಡಗಿದರು. ಎದುರಿಗೇ ನಾನಿದ್ದರೂ! ಆಯುಧಪೂಜೆಯಲ್ಲಿ ಯಂತ್ರಗಳಿಗೆ ಮೊದಲ ಆರತಿ ಯಾವಾಗಲೂ ನನ್ನದು. ಹಿಂದಿನ ವರ್ಷ ಮಾಲೀಕರು ತಟ್ಟೆಯನ್ನು ಅವನ ಕೈಗೆ ಕೊಟ್ಟಿದ್ದರು. ನಾನು ನಗುನಗುತ್ತಾ ಚಪ್ಪಾಳೆ ತಟ್ಟಿದೆ. ಒಳಗೆ ಹೊಟ್ಟೆ ಧಗಧಗ ಉರಿಯುತ್ತಿತ್ತು. ಆ ದಿನದ ಸಿಹಿಬೂಂದಿಯನ್ನು ಪೊಟ್ಟಣ ಬಿಚ್ಚದೆ ಮೇಜಿನ ಮೇಲೇ ಬಿಟ್ಟು ಹೋದೆ.

ಹೀಗಿರುವಾಗ ಒಂದು ಗುರುವಾರ ಸುಲ್ತಾನ್‌ಪೇಟೆಯ ರೇವಣ್ಣನವರು ಬಂದರು. ತಾತನ ಕಾಲದಿಂದ ಅವರದು ಮದುವೆ ಕರೆಯೋಲೆಯ ಅಂಗಡಿ. ಈಗ ಜನ ಕಾಗದದ ಕಾರ್ಡು ಕಡಿಮೆ ಮಾಡಿ ಮೊಬೈಲಿಗೆ ವಿಡಿಯೋ ಕಳಿಸುತ್ತಾರಲ್ಲ, ರೇವಣ್ಣ ಐವತ್ತರ ವಯಸ್ಸಿನಲ್ಲಿ ಕೂತು ತ್ರೀಡಿ ಕಲಿತಿದ್ದರು. ದೊಡ್ಡ ಮನೆತನವೊಂದು ಅವರಿಗೆ ನಲವತ್ತು ಸೆಕೆಂಡಿನ ವಿಡಿಯೋ ಒಪ್ಪಿಸಿತ್ತು: ಕಲ್ಲಿನ ಕಂಬಗಳ ದೇವಸ್ಥಾನ, ಅದರೊಳಗೆ ಮಂಟಪ. ಒಂಬತ್ತು ದಿನದಲ್ಲಿ ಕೊಡಬೇಕು.

“ಇದು ಕೈ ಹಿಡಿದ್ರೆ ಅಂಗಡಿ ಉಳೀತದೆ ಮೇಡಂ. ಇಲ್ಲಾಂದ್ರೆ ಬಾಗಿಲು ಹಾಕ್ಬಿಡ್ತೀನಿ,” ಎಂದರು. ದೇವಸ್ಥಾನ ಸಿದ್ಧವಾಗಿತ್ತು, ಆದರೆ ಹಳೆಯ ಕಂಪ್ಯೂಟರ್ ಅದನ್ನು ತೆರೆಯುವಷ್ಟರಲ್ಲೇ ಸುಸ್ತಾಗುತ್ತಿತ್ತು. ಫೈಲನ್ನು ಪೆನ್‌ಡ್ರೈವಿನಲ್ಲಿ ತಂದಿದ್ದರು.

ಕಂಪ್ಯೂಟರಿನೊಳಗೆ ಕೂತು ಇಂಥ ಚಿತ್ರಗಳನ್ನು ಮೂಡಿಸುವುದು ಗ್ರಾಫಿಕ್ಸ್ ಕಾರ್ಡ್; ಹೆಚ್ಚುಕಡಿಮೆ ಒಂದೇ ಬೆಲೆಗೆ ಅಂಥ ಎರಡು ನಮ್ಮಲ್ಲಿದ್ದವು. ಒಂದರಲ್ಲಿ 4864 ಕೋರ್, 8 ಜಿಬಿ ಮೆಮೊರಿ. ಇನ್ನೊಂದರಲ್ಲಿ 3584 ಕೋರ್, 12 ಜಿಬಿ ಮೆಮೊರಿ. ಕೋರ್‌ಗಳೆಂದರೆ ಅಡುಗೆಯವರು, ಮೆಮೊರಿ ಎಂದರೆ ಅಡುಗೆಕಟ್ಟೆ ಎಂದುಕೊಳ್ಳಿ. ಅಡುಗೆಯವರು ಹೆಚ್ಚಿದ್ದರೆ ಕೆಲಸ ಬೇಗ ಆಗುತ್ತದೆ, ಸರಿ. ಕಟ್ಟೆಯ ಮೇಲೆ ಪಾತ್ರೆಯೇ ಹಿಡಿಸದಿದ್ದರೆ ಒಲೆಯನ್ನೇ ಹಚ್ಚುವಂತಿಲ್ಲ.

“ಹನ್ನೆರಡು ಜಿಬಿದು ತಗೊಳ್ಳಿ ಸರ್,” ಎಂದ ಬಸವರಾಜ್. ಆಮೇಲೆ ನನ್ನ ಕಡೆ ತಿರುಗಿ, “ಮೇಡಂ, ಅವ್ರ ಫೈಲೇ ಹಾಕಿ ಓಡ್ಸಿ ನೋಡ್ಬಿಡಿ. ಗೊತ್ತಾಗ್ಬಿಡುತ್ತೆ.”

ನನಗೆ ಹೇಳಿಕೊಡುತ್ತಾನೆ! ಹತ್ತೊಂಬತ್ತು ವರ್ಷ ಮಾಡಿದ ಕೆಲಸವನ್ನು, ಗಿರಾಕಿಯ ಎದುರಿಗೆ! “ನನಗೆ ಗೊತ್ತಪ್ಪ,” ಎಂದು ಒಳಗೆ ಹೋದೆ.

ಮೊದಲು ನಾನು ಎಲ್ಲ ಕಾರ್ಡಿಗೂ ಬಳಸುವ ಚಿಕ್ಕ ಪರೀಕ್ಷಾ ದೃಶ್ಯವನ್ನು ಓಡಿಸಿದೆ. 8 ಜಿಬಿಯದು 4 ನಿಮಿಷ 10 ಸೆಕೆಂಡಿನಲ್ಲಿ ಮುಗಿಸಿತು. 12 ಜಿಬಿಯದು 5 ನಿಮಿಷ 35 ಸೆಕೆಂಡ್ ತೆಗೆದುಕೊಂಡಿತು. ನನಗಾದ ಖುಷಿ ಅಷ್ಟಿಷ್ಟಲ್ಲ. ಬಸವರಾಜ್ ಹೇಳಿದ ಕಾರ್ಡು ಸೋತಿತ್ತಲ್ಲ.

ಊಟದ ಹೊತ್ತಿನಲ್ಲಿ ಎಲ್ಲರೂ ಹೊರಗಿದ್ದಾಗ ರೇವಣ್ಣನವರ ಫೈಲನ್ನೂ ಹಾಕಿದೆ. 12 ಜಿಬಿ ಕಾರ್ಡು ಒಂದು ಫ್ರೇಮನ್ನು, ಎಂದರೆ ವಿಡಿಯೋದ ಒಂದು ಬಿಡಿ ಚಿತ್ರವನ್ನು, ಮೂರು ನಿಮಿಷದಲ್ಲಿ ಮುಗಿಸಿತು. 8 ಜಿಬಿ ಕಾರ್ಡು ಶುರುವಿನಲ್ಲೇ ನಿಂತಿತು. ಮೆಮೊರಿ ಸಾಲದು ಎಂದು ಪರದೆಯ ಮೇಲೆ ಬಂತು. ಇನ್ನೊಮ್ಮೆ ಓಡಿಸಿದೆ. ಮತ್ತೆ ಅದೇ.

ಪರದೆಯ ಮೇಲಿನ ಆ ಸಂದೇಶವನ್ನು ಮುಚ್ಚಿಬಿಟ್ಟೆ. ‘ಫೈಲಿನೊಳಗಿನ ಚಿತ್ರಗಳನ್ನ ಅವ್ರೇ ಸ್ವಲ್ಪ ಚಿಕ್ಕದು ಮಾಡ್ಕೊಂಡ್ರಾಯ್ತು, ಅದೇನು ಮಹಾ’ ಎಂದು ನನಗೆ ನಾನೇ ಹೇಳಿಕೊಂಡು, ಮೊದಲ ಪರೀಕ್ಷೆಯ ಅಂಕಿಗಳನ್ನಷ್ಟೇ ಬರೆದು ಸಹಿ ಹಾಕಿದೆ. ಹಾಳೆಯಲ್ಲಿ ಒಂದಂಕಿಯೂ ಸುಳ್ಳಿರಲಿಲ್ಲ. ರೇವಣ್ಣ ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡು, 8 ಜಿಬಿ ಕಾರ್ಡು ಕೊಂಡು ಹೋದರು. ಬಸವರಾಜ್ ಹಾಳೆ ನೋಡಿ ಸರಿ ಎಂದು ತಲೆಯಾಡಿಸಿದ. ಆ ಸಂಜೆ ನಾನು ಹಾಡು ಗುನುಗುತ್ತಾ ಬಸವನಗುಡಿಯ ಮನೆಗೆ ನಡೆದೇ ಹೋದೆ.

ಮಂಗಳವಾರ ಬೆಳಿಗ್ಗೆ ರೇವಣ್ಣ ಮತ್ತೆ ಬಂದರು. ಗಡ್ಡ ಬಿಟ್ಟಿದ್ದರು, ಕಣ್ಣು ಒಳಗೆ ಹೋಗಿದ್ದವು. ನನ್ನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು, ಕೌಂಟರಿನ ಮಾತೆಲ್ಲ ಕೇಳಿಸುತ್ತಿತ್ತು.

“ಓಡ್ತಾನೇ ಇಲ್ಲ ಬಸವರಾಜ್, ಮೆಮೊರಿ ಸಾಲದು ಅಂತದೆ. ನನ್ನ ಕೆಲಸದಲ್ಲೇ ಏನೋ ತಪ್ಪಿರ್ಬೇಕು. ಮೇಡಂ ಸೈನ್ ಮಾಡಿ ಕೊಟ್ಟಿರೋ ಕಾರ್ಡು, ಅದ್ರಲ್ಲಿ ತಪ್ಪಿರಲ್ಲ. ನಾಲ್ಕು ದಿನದಿಂದ ಒಂದೊಂದೇ ಕಂಬ ಕಿತ್ತು ಮತ್ತೆ ಕಟ್ತಾ ಇದೀನಿ. ನನಗೆ ಈ ವಿದ್ಯೆ ಹತ್ತಲ್ಲ ಅನ್ಸುತ್ತೆ. ಮದುವೆಯವ್ರಿಗೆ ಆಗಲ್ಲ ಅಂತ ಹೇಳೋಕೆ ಹೊರಟಿದ್ದೆ.”

ಈಗ ಬಸವರಾಜ್ ನನ್ನ ಮಾನ ಕಳೆಯುತ್ತಾನೆ ಎಂದುಕೊಂಡೆ. ‘ನಾನು ಅವತ್ತೇ ಹೇಳಿದ್ನಲ್ಲ’ ಎನ್ನುವ ಹಕ್ಕು ಅವನಿಗಿತ್ತು. ನಾನಾಗಿದ್ದರೆ ಖಂಡಿತ ಅನ್ನುತ್ತಿದ್ದೆ. ಅವನು ಅಂದದ್ದು ಬೇರೆ.

“ಮೇಡಂ ಹಾಳೆ ತಪ್ಪಾಗಲ್ಲ ಸರ್. ನಾನೂ ಹನ್ನೆರಡೇ ಬೇಕು ಅಂದ್ಕೊಂಡಿದ್ದೆ, ಅವ್ರು ಬರೆದಿದ್ದು ನೋಡಿ ಸುಮ್ನಾದೆ. ಕೂತ್ಕೊಳ್ಳಿ, ನಿಮ್ಮ ಫೈಲ್ನ ಇಬ್ರೂ ನೋಡೋಣ.”

ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟು ಹೊರಗೆ ಹೋದೆ.

“ರೇವಣ್ಣೋರೆ, ತಪ್ಪು ನಿಮ್ಮ ಫೈಲಲ್ಲಿಲ್ಲ. ನಾನು ಅವತ್ತೇ ಓಡ್ಸಿ ನೋಡಿದ್ದೆ. ಎಂಟು ಜಿಬಿಲಿ ನಿಂತೋಯ್ತು. ಅದನ್ನ ಬರೀಲಿಲ್ಲ.”

ಬಸವರಾಜ್‌ಗೆ ಅರ್ಥವೇ ಆಗಲಿಲ್ಲ. “ಯಾಕ್ ಮೇಡಂ?” ಎಂದ.

“ನೀನು ಹೇಳಿದ್ದೆ ಅಂತ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಎಂಟು ಜಿಬಿಯದಕ್ಕೆ ಬದಲಾಗಿ 12 ಜಿಬಿ ಕಾರ್ಡಿನ ಡಬ್ಬ ತಂದು ರೇವಣ್ಣನವರ ಕೈಗಿಟ್ಟ. ಸೆಕೆಂಡಿಗೆ 24ರಂತೆ ನಲವತ್ತು ಸೆಕೆಂಡಿಗೆ 960 ಫ್ರೇಮು, ಒಂದಕ್ಕೆ ಮೂರು ನಿಮಿಷ, ಒಟ್ಟು ನಲವತ್ತೆಂಟು ಗಂಟೆ. ಕಂಬ ಕೀಳುವ ಮುಂಚಿನ ಫೈಲು ರೇವಣ್ಣನವರ ಬಳಿ ಇತ್ತು, ಪುಣ್ಯ. ವಿಡಿಯೋ ಗಡುವಿಗೆ ಒಂದು ದಿನ ಮೊದಲೇ ಮದುವೆಮನೆ ಸೇರಿತು. ಅಂಗಡಿ ಇವತ್ತಿಗೂ ನಡೆಯುತ್ತಿದೆ.

ಮಾಲೀಕರ ಮುಂದೆ ನಾನೇ ಎಲ್ಲ ಒಪ್ಪಿಕೊಂಡೆ. ಅವರು ಬೈದರು, ಕೆಲಸದಿಂದ ತೆಗೆಯಲಿಲ್ಲ. ನಿವೃತ್ತಿಯವರೆಗೂ ಹಾಳೆಗಳಿಗೆ ಸಹಿ ಹಾಕುತ್ತಲೇ ಇದ್ದೆ. ಸರಿಯಾದ ಅಂಕಿಗಳನ್ನೇ ಬರೆದು ಮನುಷ್ಯನನ್ನು ಮೋಸಗೊಳಿಸಬಹುದು ಎಂಬುದು ಆ ಕೆಲಸ ನನಗೆ ಕಲಿಸಿದ ಪಾಠ. ಹೊಟ್ಟೆಕಿಚ್ಚಿಗೆ ಸುಳ್ಳು ಬೇಕಿಲ್ಲ, ಒಂದು ಸಾಲು ಬಿಟ್ಟರೆ ಸಾಕು.

ರೇವಣ್ಣನವರು ಆಮೇಲೂ ನಮ್ಮಲ್ಲಿಗೇ ಬರುತ್ತಿದ್ದರು, ಅದು ಅವರ ದೊಡ್ಡತನ. ಹಾಳೆಯನ್ನು ಪೂರ್ತಿ ಓದಿ, ಮಡಚಿ ಜೇಬಿಗಿಟ್ಟುಕೊಂಡು, ಸ್ವಲ್ಪವೂ ಕೊಂಕಿಲ್ಲದೆ ಪ್ರತಿ ಸಲವೂ ಕೇಳುತ್ತಿದ್ದರು: “ಮೇಡಂ, ಬರೀದೇ ಬಿಟ್ಟಿದ್ದು ಏನಾದ್ರೂ ಇದ್ಯಾ?”