ಕರಡಿಗುಡ್ಡಕ್ಕೆ ತಡವಾಗಿ ಬಂದ ಟ್ಯಾಂಕರ್

1999ರ ಬೇಸಿಗೆಯಲ್ಲಿ ನಾನು ಅರಸೀಕೆರೆಯಲ್ಲಿ ರೇಂಜ್ ಫಾರೆಸ್ಟ್ ಆಫೀಸರ್, ಅಂದರೆ ವಲಯ ಅರಣ್ಯಾಧಿಕಾರಿಯಾಗಿದ್ದೆ. ಹಾರನಹಳ್ಳಿಯ ಆಚೆ, ತೆಂಗಿನ ತೋಟಗಳು ಮುಗಿಯುವಲ್ಲಿ ಒಂದು ಬಂಡೆಗುಡ್ಡವಿತ್ತು. ಗಾಡಿ ಹತ್ತದ ಕಾರಣ ಅಲ್ಲಿಂದ ಯಾರೂ ಮರ ಸಾಗಿಸಿರಲಿಲ್ಲ. ಬಂಡೆ ಸೀಳಿಕೊಂಡು ಬೆಳೆದ ಬಸರಿ, ಇಬ್ಬರು ತಬ್ಬಿದರೂ ಸಾಲದ ದಿಂಡಿಗ, ಅವುಗಳ ಕೆಳಗೆ ಕಾರೆ, ಕವಳೆಯ ಹಣ್ಣಿನ ಪೊದೆ. ಆ ಕಾಡಿನ ವಯಸ್ಸು ಯಾರಿಗೂ ಗೊತ್ತಿರಲಿಲ್ಲ. ಗುಹೆಗಳಲ್ಲಿ ಕರಡಿಗಳಿದ್ದವು.

ಆ ವರ್ಷ ಗುಡ್ಡದ ದೊಣೆಗಳು, ಅಂದರೆ ಬಂಡೆಯ ಮೇಲಿನ ನೀರಿನ ಗುಂಡಿಗಳು, ಯುಗಾದಿಗೆ ಮೊದಲೇ ಬತ್ತಿದವು. ಕರಡಿಗಳು ನೀರಿಗಾಗಿ ತೋಟಗಳಿಗೆ ಇಳಿಯತೊಡಗಿದವು. ಒಂದು ಬೆಳಿಗ್ಗೆ ಗಂಗಮ್ಮ ಎಂಬ ಹೆಂಗಸು ಒಣಗಿದ ಗರಿ ಎಳೆದು ತರಲು ಹೋದಾಗ ಮರಿಗಳಿದ್ದ ತಾಯಿಕರಡಿ ಅವಳ ಮೇಲೆ ಬಿದ್ದಿತು. ಜೀವ ಉಳಿಯಿತು, ಬಲಗಣ್ಣು ಹೋಯಿತು.

ಮರುದಿನ ಅವಳ ಭಾವ ಶಿವಲಿಂಗಪ್ಪ ತನ್ನ ತೋಟದಲ್ಲೇ ಊರವರನ್ನು ಸೇರಿಸಿ ನನ್ನನ್ನು ಕರೆಸಿದ. ದೊಡ್ಡ ತೆಂಗಿನ ಬೆಳೆಗಾರ, ಊರು ಅವನ ಮಾತು ಕೇಳುತ್ತಿತ್ತು.

“ನೀವು ಕರಡಿ ಕಾಯೋಕ್ ಬಂದಿದ್ದೀರೋ, ಜನ ಕಾಯೋಕ್ ಬಂದಿದ್ದೀರೋ ಹೇಳ್ರೀ ಮೊದ್ಲು” ಎಂದ.

ಕರಡಿಗೆ ಗುಡ್ಡದ ಆಚೆ ಬದಿಯ ಬುಡದಲ್ಲೇ ನೀರು ಸಿಕ್ಕರೆ ಅದು ಊರಿಗೆ ಬರುವುದಿಲ್ಲ ಎಂದು ವಿವರಿಸಿದೆ. ಅಲ್ಲೊಂದು ತೊಟ್ಟಿ ಕಟ್ಟಿಸಿ ಟ್ಯಾಂಕರಿನಿಂದ ತುಂಬಿಸುತ್ತೇನೆ ಎಂದೆ. ಶಿವಲಿಂಗಪ್ಪ ಸೇರಿದವರ ಮುಖ ಒಮ್ಮೆ ನೋಡಿ ತಲೆಯಾಡಿಸಿದ. “ಆಯ್ತು, ನಿಮ್ ಮಾತ್ ಮೇಲೆ ಸುಮ್ಕಿರ್ತೀವಿ. ಬಿರ್ರನೆ ಮಾಡ್ರಿ.”

ತೊಟ್ಟಿಯನ್ನು ನಮ್ಮ ಸಿಬ್ಬಂದಿಯೇ ಕಲ್ಲು ಹೊತ್ತು ಕಟ್ಟಿದರು. ಟ್ಯಾಂಕರಿಗೆ ಮಾತ್ರ ಮೇಲಿನಿಂದ ಮಂಜೂರಾತಿ ಬೇಕಿತ್ತು. ಫೋನ್ ಮಾಡಿದಾಗಲೆಲ್ಲ ಹಿರಿಯ ಅಧಿಕಾರಿಯದು ಒಂದೇ ಉತ್ತರ: “ಕುಡಿಯೋ ನೀರಿಗೇ ಟ್ಯಾಂಕರಿಲ್ಲ, ನಿಮ್ಮ ಕರಡಿಗೆ ಎಲ್ಲಿಂದ ತರಲಿ?” ಅವರು ಹೇಳಿದ್ದೂ ಸುಳ್ಳಲ್ಲ. ಆದರೆ ಒಂದು ಟ್ಯಾಂಕರಿನಿಂದ ಊರಿನ ಭಯವೂ ತಗ್ಗುತ್ತದೆ ಎಂಬುದನ್ನು ಅವರ ತಲೆಗೆ ಹಾಕಲು ನನ್ನಿಂದಾಗಲಿಲ್ಲ. ಅಷ್ಟರಲ್ಲಿ ಕರಡಿ ಮತ್ತೆರಡು ಸಲ ತೋಟದಲ್ಲಿ ಕಾಣಿಸಿತು. ಹೆಂಗಸರು ಹೊಲಕ್ಕೆ ಹೋಗುವುದನ್ನೇ ಬಿಟ್ಟರು.

ಕೊನೆಗೆ ಬಾಣಾವರದ ಪರಿಚಿತರೊಬ್ಬರನ್ನು ಕಾಡಿಬೇಡಿ ಅವರ ಟ್ಯಾಂಕರ್ ಹೊರಡಿಸಿದೆ. ಹಾರನಹಳ್ಳಿ ದಾಟುವಾಗಲೇ ಡ್ರೈವರ್ ಕೈ ತೋರಿಸಿದ. ಗುಡ್ಡದ ತುಂಬ ಹೊಗೆ. ಕರಡಿ ಓಡಿಸಲು ಬುಡದಿಂದ ಬೆಂಕಿ ಇಟ್ಟಿದ್ದರು.

ನಾನೂ ನಮ್ಮ ಸಿಬ್ಬಂದಿಯೂ ಹಸಿ ಸೊಪ್ಪಿನಿಂದ ಬೆಂಕಿ ಬಡಿದೆವು. ಕರಡಿಗೆಂದು ತಂದ ನೀರನ್ನೆಲ್ಲ ಸುರಿದೆವು. ಗಾಳಿ ತೋಟದ ಕಡೆ ತಿರುಗಿದಾಗ ಶಿವಲಿಂಗಪ್ಪನೂ ಓಡಿ ಬಂದ. ಹುಬ್ಬು ಸುಟ್ಟುಕೊಂಡು ನನ್ನ ಪಕ್ಕದಲ್ಲೇ ಬಡಿಯುತ್ತ, “ಇಷ್ಟು ಹತ್ಕೊಳ್ತದೆ ಅಂದ್ಕೊಂಡಿರ್ಲಿಲ್ಲ ಸಾರ್” ಎಂದ. ತೋಟ ಉಳಿಯಿತು. ಪೊಟರೆ ಬಿದ್ದ ಹಳೆಯ ಮರಗಳು ಮಾತ್ರ ಒಳಗೊಳಗೇ ಉರಿದು ಒಂದೊಂದಾಗಿ ಉರುಳಿದವು.

ಬೆಂಕಿ ಇಟ್ಟವರು ಯಾರೆಂದು ಒಬ್ಬರೂ ಬಾಯಿ ಬಿಡಲಿಲ್ಲ. ಮಳೆ ಬಿದ್ದ ಮೇಲೆ ಕಾರೆ, ಕವಳೆ ಇದ್ದಲ್ಲಿ ಲಂಟಾನದ ಕಳೆ ಎದ್ದಿತು. ತಿನ್ನಲು ಆ ಹಣ್ಣೂ ಸಿಗದ ಕರಡಿಗಳು ಮೊದಲಿಗಿಂತ ಹೆಚ್ಚಾಗಿ ತೋಟಗಳಿಗೆ ಇಳಿದವು.

ಆಸ್ಪತ್ರೆಯಿಂದ ಬಂದ ಗಂಗಮ್ಮನನ್ನು ನೋಡಲು ಹೋದೆ. ಜಗಲಿಯಲ್ಲಿ ಕೂತು, ಸೆರಗಿನಿಂದ ಮುಖದ ಅರ್ಧ ಮುಚ್ಚಿಕೊಂಡು ಸುಟ್ಟ ಗುಡ್ಡದ ಕಡೆ ನೋಡುತ್ತಿದ್ದಳು.

“ನನ್ ಹೆಸರೇಳಿ ಸುಟ್ರಂತೆ. ಅದನ್ ಸುಟ್ರೆ ನನ್ ಕಣ್ ಬತ್ತದಾ? ನನ್ನ ಒಂದ್ ಮಾತ್ ಯಾರೂ ಕೇಳ್ನಿಲ್ಲ ಕಣ್ರೀ” ಎಂದಳು. ಒಳಗೆ ಶಿವಲಿಂಗಪ್ಪ ಇದ್ದ. ಹೊರಗೆ ಬರಲಿಲ್ಲ.

ಹೆದರಿದ ಊರಿಗೆ ವಿವರಣೆ ಸಾಲದು, ಭಯ ತಗ್ಗಿಸುವ ಒಂದು ಕೆಲಸ ಹೊತ್ತಿಗೆ ಸರಿಯಾಗಿ ಆಗಬೇಕು. ಕಾಡು ಉಳಿಯುವುದು ಅಲ್ಲಿಂದ. ಇದನ್ನು ನಾನು ಕಲಿತದ್ದು ಆ ಗುಡ್ಡದಲ್ಲಿ. ಮೇಲಿನವರಿಗೆ ಅರ್ಥ ಮಾಡಿಸಲು ಉಳಿದ ಸರ್ವೀಸೆಲ್ಲ ಹೆಣಗಿದೆ. ನಿವೃತ್ತಿಯ ದಿನ ಹಾರ ಹಾಕಿದವರಿಗೂ ಅದನ್ನೇ ಹೇಳಿದೆ. ಅವರು ಚಪ್ಪಾಳೆ ತಟ್ಟಿದರು.