ಮಂಡಿ ಅಕ್ಕ ಆಡದ ಮಾತು

ಬೆಳಗಿನ ಐದೂವರೆ. ಮೂಳೆ ವಾರ್ಡಿನ ಒಂಬತ್ತನೇ ಹಾಸಿಗೆಯ ಪಕ್ಕ ಬಿ.ಪಿ. ಯಂತ್ರ ಕೀಂ ಎನ್ನುತ್ತದೆ: ನೂರಾ ಎಂಬತ್ತೆರಡು! ಹಾಸಿಗೆಯಲ್ಲಿ ಮಲಗಿರುವ ಹೊಲಿಗೆ ಟೀಚರ್ ಕಣ್ಣು ಮುಚ್ಚಿಕೊಳ್ಳುತ್ತಾರೆ. ಹೋದ ತಿಂಗಳೂ ಹೀಗೇ ಏರಿ, ಮಂಡಿ ಬದಲಿಸುವ ಆಪರೇಷನ್ ಮುಂದಕ್ಕೆ ಹೋಗಿತ್ತು. ಇವತ್ತೂ ಇಳಿಯದಿದ್ದರೆ ಮತ್ತೆ ಮನೆಗೆ, ಮತ್ತೆ ಅದೇ ಕುಂಟು ನಡಿಗೆ. ಏಳಕ್ಕೆ ಡಾಕ್ಟರ್ ಬಂದು ತೀರ್ಮಾನಿಸುತ್ತಾರೆ.

"ಸಿಸ್ಟರ್, ಅರ್ಧ ಗಂಟೆ ನನಗೆ ಬಿಡಿ," ಎಂದು ಸ್ಟೂಲು ಎಳೆದುಕೊಂಡು ಕೂರುವವರು ವಾರ್ಡಿನ ಆಯಾ. ವಯಸ್ಸು ಐವತ್ತೆರಡು. ಎಲ್ಲರ ಬಾಯಲ್ಲೂ 'ಮಂಡಿ ಅಕ್ಕ'.

ಗಂಡ ತೀರಿಕೊಂಡ ಮೂರನೇ ತಿಂಗಳಿಗೆ ಇಲ್ಲಿಗೆ ಸೇರಿದವರಿಗೆ ಈಗ ಇಪ್ಪತ್ತೊಂದು ವರ್ಷದ ಅನುಭವ. ಹಾಸಿಗೆ ಸರಿಪಡಿಸುವುದು, ಕಾಲು ತೊಳೆದು ಸಿದ್ಧ ಮಾಡುವುದು, ದಿನಕ್ಕೆ ಆರೇಳು ಜನರನ್ನು ಸ್ಟ್ರೆಚರಿನಲ್ಲಿ ಥಿಯೇಟರಿಗೆ ತಳ್ಳುವುದು ಅವರ ಕೆಲಸ. ಹೊಸದರಲ್ಲಿ ಒಬ್ಬ ರೋಗಿಗೆ ಧೈರ್ಯ ಹೇಳಲು ಹೋಗಿ, "ಹೆದರಬೇಡಿ, ಬರೀ ಮೂಳೆ ಕೊಯ್ಯೋದು ಅಷ್ಟೆ" ಎಂದುಬಿಟ್ಟಿದ್ದರು. ಆತ ಆಸ್ಪತ್ರೆಯ ಗೌನಿನಲ್ಲೇ ಕುಂಟುತ್ತಾ ಗೇಟು ದಾಟಿದ್ದ!

ಅಂದಿನಿಂದ 'ಹೆದರಬೇಡಿ' ಎಂಬ ಮಾತು ಅವರ ಬಾಯಿಂದ ಬಂದಿಲ್ಲ. "ಹಾಗಂದ್ರೆ ಹೆದರೋಕೆ ಏನೋ ಇದೆ ಅಂತಾನೇ ಅಲ್ವಾ?" ಭಯಬಿದ್ದ ದೇಹ ಕಾದಾಟಕ್ಕೆ ನಿಂತಂತೆ ನಿಲ್ಲುತ್ತದೆ ಎನ್ನುತ್ತಾರೆ ಡಾಕ್ಟರ್. ಬಿ.ಪಿ., ಸಕ್ಕರೆ ಏರುತ್ತವೆ, ನಿದ್ದೆ ಹಾರುತ್ತದೆ, ನೋವು ಹೆಚ್ಚುತ್ತದೆ. ಗಾಯ ಮಾಯುವುದೂ ತಡವಾಗಬಹುದು.

ಹಾಗಾಗಿ ಅಕ್ಕ ಸಮಾಧಾನ ಹೇಳುವುದಿಲ್ಲ, ರೋಗಿಯ ಕಸುಬಿನಲ್ಲೇ ಸಲಹೆ ಕೇಳುತ್ತಾರೆ. "ಟೀಚರ್, ನನ್ನ ಯೂನಿಫಾರ್ಮ್ ತೋಳು ಯಾಕೆ ಹೀಗೆ ಎಳೆಯುತ್ತೆ, ನೋಡಿ?"

ಟೀಚರ್ ಕಣ್ಣು ತೆರೆಯುತ್ತಾರೆ. "ಕೈ ಎತ್ತಿ. ಅಯ್ಯೋ, ಎಡದ ತೋಳನ್ನ ಬಲಕ್ಕೆ ಕೂರಿಸಿದಾರಲ್ರೀ! ಯಾವ ಪುಣ್ಯಾತ್ಮರು ಹೊಲಿದಿದ್ದು?"

"ನಾನೇ."

"ಸದ್ಯ, ಆಪರೇಷನ್ ಮಾಡೋದು ನೀವಲ್ಲ!"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಆಮೇಲೆ ಬಿಸಿ ಹಾಲು ಆರಿಸುವ ಹಾಗೆ ನಿಧಾನವಾಗಿ ಉಸಿರು ಊದುವುದು, ಹತ್ತು ಸಲ. ಸಿಸ್ಟರ್ ಮತ್ತೆ ತೋಳಿಗೆ ಬಿ.ಪಿ. ಪಟ್ಟಿ ಸುತ್ತುತ್ತಾರೆ. ನೂರಾ ನಲವತ್ನಾಲ್ಕು! ಏಳಕ್ಕೆ ಬಂದ ಡಾಕ್ಟರ್ ಅಂಕಿ ನೋಡಿ, "ಹೊರಡಿ" ಎನ್ನುತ್ತಾರೆ. ಅಕ್ಕನ ಕೈ ಆಗಲೇ ಸ್ಟ್ರೆಚರಿನ ಮೇಲಿದೆ.

ಮರುದಿನ ವಾಕರ್ ಹಿಡಿದು ಟೀಚರ್ ಎಂಟು ಹೆಜ್ಜೆ ಇಡುತ್ತಾರೆ. ನಾಲ್ಕನೇ ದಿನ ಬಾಗಿಲು ದಾಟಿ ಮನೆಗೆ ಹೊರಡುತ್ತಾರೆ.

"ತಿರುಗಿ ಕೂಡ ನೋಡ್ಲಿಲ್ವಲ್ಲಕ್ಕಾ ನಿನ್ನ ಟೀಚರ್ರು!" ಸಿಸ್ಟರ್ ಕೆಣಕುತ್ತಾರೆ.

"ತಿರುಗಬಾರದು ಕಣಮ್ಮ, ಹೊಸ ಮಂಡಿ," ಎನ್ನುತ್ತಾರೆ ಮಂಡಿ ಅಕ್ಕ, ಕಣ್ಣು ಬಾಗಿಲ ಕಡೆಗೇ. "ಮುಂದೆ ನೋಡ್ಕೊಂಡೇ ಹೋಗ್ಲಿ. ನನಗೆ ಬೆನ್ನು ಕಂಡ್ರೆ ಸಾಕು, ನಡಿಗೆ ಹೇಗಿದೆ ಅಂತ ಗೊತ್ತಾಗುತ್ತೆ."