‘ಹೋಗಿದ್ದರ’ ಎಂಬ ಮಾತು

ಹೋಟೆಲಿನಲ್ಲಿ ನಾನು ತರಿಸಿಕೊಂಡ ತಿಂಡಿ ನನಗೆ ಎಂದೂ ರುಚಿಸಿಲ್ಲ. ತಿಂಡಿಯ ದೋಷವಲ್ಲ. ನಾನು ಉಪ್ಪಿಟ್ಟು ಹೇಳಿ ಕೂತರೆ ಪಕ್ಕದ ಮೇಜಿಗೆ ಉಬ್ಬಿದ ಪೂರಿ ಬರುತ್ತದೆ. ಪೂರಿ ಹೇಳಿದ ದಿನ ಯಾರೋ ಪುಣ್ಯಾತ್ಮರು ಕಣ್ಣೆದುರಿಗೇ ಮಂಡಕ್ಕಿ ಗಿರಮಿಟ್ಟು ತರಿಸಿಕೊಂಡು, ನಡುನಡುವೆ ಹಸಿಮೆಣಸಿನಕಾಯಿ ಕಡಿಯುತ್ತ ಕೂಡುತ್ತಾರೆ. ಅಲ್ಲಿಂದ ಎದ್ದ ಮೇಲೂ ನನ್ನ ಗೋಳು ನಿಲ್ಲುವುದಿಲ್ಲ.

“ನೀವು ಉಣ್ಣೋದು ನಿಮ್ಮ ತಾಟಿನಾಗ, ಜೀವ ಮಾತ್ರ ಬಾಜೂದವರ ತಾಟಿನಾಗ” ಎನ್ನುತ್ತಾಳೆ ನನ್ನ ಹೆಂಡತಿ. “ಪೂರಿ ತಗೊಂಡಿದ್ದರ ಚಲೋ ಇತ್ತು ಅಂತ ಮನಿ ಮುಟ್ಟೂತನಾ ಜಪಾ ಮಾಡ್ತೀರಿ.”

ಅವಳು ಹೇಳುವುದರಲ್ಲಿ ಸುಳ್ಳಿಲ್ಲ. ಸಿಂದಗಿಯಿಂದ ಇಂಡಿಗೆ ಹೊರಟ ಬಸ್ಸಿನಲ್ಲಿ ನಾನು ಹಿಡಿದ ಕಿಟಕಿಗೇ ಬಿಸಿಲು ಬಡಿಯುತ್ತದೆ. ಮುದ್ದೇಬಿಹಾಳದ ಅಂಗಡಿಯಲ್ಲಿ ಅರ್ಧ ದಿನ ಹುಡುಕಿ ಕಡಿಸಿದ ಅಂಗಿಬಟ್ಟೆಗಿಂತ, ಅಂಗಡಿಯವ ಮಡಿಚಿ ಮೇಲಿಟ್ಟ ಬಟ್ಟೆಯೇ ಚೆಲುವಾಗಿ ಕಾಣುತ್ತದೆ. ವೃತ್ತಿಯಿಂದ ನಾನು ಕನ್ನಡ ಮಾಸ್ತರ. ನನ್ನ ಈ ರೋಗಕ್ಕೂ ವ್ಯಾಕರಣದಲ್ಲಿ ಒಂದು ಜಾಗ ಹುಡುಕಿಕೊಂಡಿದ್ದೇನೆ. ‘ಬಂದರೆ’, ‘ಹೋದರೆ’ ಎಂಬ ರೂಪಗಳಿಗೆ ಪಕ್ಷಾರ್ಥಕವೆಂದು ಹೆಸರು. ಮಳೆ ಬಂದರೆ ಬಿತ್ತುತ್ತೇನೆ ಎನ್ನುವವನ ಮುಖ ಮುಂದಕ್ಕಿರುತ್ತದೆ. ಮಳೆ ಬಂದಿದ್ದರೆ ಬಿತ್ತುತ್ತಿದ್ದೆ ಎನ್ನುವವನ ಮುಖ ಹಿಂದಕ್ಕೆ ತಿರುಗಿರುತ್ತದೆ. ಎರಡಕ್ಕೂ ಇರುವ ವ್ಯತ್ಯಾಸ ನಡುವೆ ಸಿಕ್ಕಿಕೊಂಡ ಒಂದು ‘ಇದ್ದು’ ಮಾತ್ರ. ಅಷ್ಟು ಸಣ್ಣ ಪದ ಇಡೀ ಮನುಷ್ಯನ ಕುತ್ತಿಗೆಯನ್ನು ಹಿಂದಕ್ಕೆ ತಿರುಚಿಬಿಡುತ್ತದೆ. ಇದನ್ನು ಒಂಬತ್ತನೆಯ ತರಗತಿಯಲ್ಲಿ ಹೇಳಿದಾಗ ಯಾರೂ ನಗಲಿಲ್ಲ. ಹೇಳದೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ಅದಕ್ಕೂ ಆಮೇಲೆ ಹಳಹಳಿಸಿದೆ.

ಪೂರಿ, ಕಿಟಕಿ, ಅಂಗಿ, ಇವೆಲ್ಲ ಹೊಟ್ಟೆ ತುಂಬಿದವನ ಹಳಹಳಿಗಳು. ನಿಜವಾದ ಹಳಹಳಿಯನ್ನು ನಾನು ಕಂಡದ್ದು ಇಂಗಳೇಶ್ವರದಲ್ಲಿ, ನನ್ನ ಅಕ್ಕನ ಮನೆಯಲ್ಲಿ.

ಶಾಂತಕ್ಕ ನನಗಿಂತ ಹಿರಿಯಳು. ಅವಳ ಗಂಡ ಗುರಪ್ಪ ಮಾಮಾ ಕಡಿಮೆ ಮಾತಿನ ರೈತ. ಮಾತಾಡಬೇಕಾದ ಕಡೆ ನಕ್ಕು ಮುಗಿಸುತ್ತಿದ್ದ. ಮನೆಯಲ್ಲಿ ಅವನ ತಾಯಿ ಗೌರವ್ವ ಮತ್ತು ಮಗ ಸಂಗು. ಸಂಗು ಆಗ ಬಾಗೇವಾಡಿಯ ಕಾಲೇಜಿಗೆ ಹೋಗುತ್ತಿದ್ದ. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಹೊಲದ ಬಾವಿಗೆ ಪಂಪು ಕೂಡಿಸಿದ್ದರು, ಕರೆಂಟು ಮಾತ್ರ ತನಗೆ ಬೇಕಾದಾಗ ಬರುತ್ತಿತ್ತು. ಚಳಿಗಾಲದ ಒಂದು ದಿನ ನಸುಕಿನಲ್ಲಿ ಕರೆಂಟು ಬಂತೆಂದು ಮಾಮಾ ಉಳ್ಳಾಗಡ್ಡಿಗೆ ನೀರು ಬಿಡಲು ಹೋದ. ಬಿಸಿಲೇರುವ ಹೊತ್ತಿಗೆ ಮನೆಗೆ ಬಂದವನು ಎದೆ ಹಿಡಿದಂತಾಗಿದೆ ಎಂದ. ವಾಯುವಿರಬೇಕೆಂದು ಅಕ್ಕ ಅಜವಾನದ ನೀರು ಕುದಿಸಿ ಕುಡಿಸಿದಳು. ಅವನು ಮಲಗಿದ. ಮಧ್ಯಾಹ್ನ ಎದ್ದು ಕೂತಾಗ ಮೈಯೆಲ್ಲ ಬೆವರಿತ್ತು.

ಊರಿಂದ ಬಾಗೇವಾಡಿಗೆ ಜನರನ್ನು ತುಂಬಿಕೊಂಡು ಜೀಪು ಓಡಿಸುತ್ತಿದ್ದ ರಾಜೇಸಾಬ, ಮಾಮಾನ ಸಾಲಿ ಕಾಲದ ಗೆಳೆಯ. ಸುದ್ದಿ ಕೇಳಿದವನೇ ಜೀಪು ತಂದ. ಅರ್ಧ ದಾರಿಯಲ್ಲಿ ಟೈರು ಪಂಚರ್ ಆಯಿತು. ಬದಲಿ ಹಾಕಬೇಕಾದ ಸ್ಟೆಪ್ನಿ ರಿಪೇರಿಗೆಂದು ಬಾಗೇವಾಡಿಯಲ್ಲೇ ಉಳಿದಿತ್ತು. ಹಿಂದಿನಿಂದ ಒಂದು ಟೆಂಪೋ ಬರುವವರೆಗೆ ರಸ್ತೆಯ ಪಕ್ಕದ ಜಾಲಿಯ ನೆರಳಿನಲ್ಲಿ ಮಾಮಾನನ್ನು ಕೂಡಿಸಿಕೊಂಡು ಕಾಯ್ದರು. ಟೆಂಪೋದಲ್ಲಿ ದವಾಖಾನೆ ಮುಟ್ಟಿದಾಗ ಡಾಕ್ಟರು ನಾಡಿ ಹಿಡಿದು ನೋಡಿ, ಕೈಯನ್ನು ಮೆಲ್ಲಗೆ ಕೆಳಗಿಟ್ಟರು. ಆಮೇಲೆ ನಾನು ಸಿಂದಗಿಯಿಂದ ಬಂದು ಅವರನ್ನು ಕಂಡಾಗ, ಇದು ದೊಡ್ಡ ಹೊಡೆತ, ನನ್ನ ಎದುರಿಗೇ ಕೂತಿದ್ದರೂ ನನ್ನ ಕೈಯಲ್ಲಿ ಏನೂ ಆಗುತ್ತಿರಲಿಲ್ಲ ಎಂದರು.

ನಾನು ಅದನ್ನು ಮನೆಯವರಿಗೆಲ್ಲ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಒಬ್ಬರೂ ನಂಬಲಿಲ್ಲ.

ಅಕ್ಕ ಅಳುವುದನ್ನು ಬೇಗ ನಿಲ್ಲಿಸಿದಳು. ಅದರ ಬದಲಿಗೆ ಒಂದು ಮಾತು ಹಿಡಿದಳು. ಎಮ್ಮೆಗೆ ಹಿಂಡಿ ಇಡುತ್ತ, ಜೋಳ ಹಸನು ಮಾಡುತ್ತ, ಯಾರು ಬಂದು ಕೂತರೂ ಅದೇ ಮಾತು. “ನಾ ಅವತ್ತ ಅಜವಾನ ಕುಡಸಕೋತ ಕುಂಡ್ರಲಾರದ ಮುಂಜಾನೆನ ಬಾಗೇವಾಡಿಗಿ ಕರಕೊಂಡ ಹೋಗಿದ್ದರ...” ವಾಕ್ಯ ಅಲ್ಲಿಗೆ ನಿಲ್ಲುತ್ತಿತ್ತು. ಮೊದಮೊದಲು ಬಂದವರು ಸಮಾಧಾನ ಹೇಳಿದರು. ಆಮೇಲೆ ಬರುವುದನ್ನೇ ಕಡಿಮೆ ಮಾಡಿದರು. ಅಡುಗೆಮನೆಯಲ್ಲಿ ಅಜವಾನದ ಡಬ್ಬಿ ಇಲ್ಲವಾಯಿತು. ಅವಳು ಹೊಲಕ್ಕೆ ಹೋಗುವುದನ್ನೂ ಬಿಟ್ಟಳು. ಮುಖದ ಮೇಲಿನ ನಗು ಒಣಗಿದ ಮೇಲೆ ನನ್ನ ಅಕ್ಕ ನಮ್ಮ ಅವ್ವನಿಗಿಂತ ಮುದುಕಿಯಾಗಿ ಕಾಣತೊಡಗಿದಳು.

ಅವಳೊಬ್ಬಳದೇ ಆಗಿದ್ದರೆ ನನಗೆ ಇದನ್ನು ಬರೆಯುವಷ್ಟು ವಿಷಯ ಇರುತ್ತಿರಲಿಲ್ಲ. ಒಂದು ಸಲ ಸಿಂದಗಿಗೆ ಮದುವೆ ಜನರನ್ನು ತಂದ ರಾಜೇಸಾಬ ನಮ್ಮ ಮನೆಗೆ ಬಂದ. ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಕುಡಿಯದೆ, ನೆಲ ನೋಡುತ್ತ ಹೇಳಿದ: “ಮಾಸ್ತರ, ಆ ಸ್ಟೆಪ್ನಿ ಹಿಂದಿನ ದಿನಾನ ತಯಾರಾಗಿತ್ತರಿ. ನಾಳಿ ಒಯ್ತೇನಿ ಅಂತ ಬಿಟ್ಟ ಬಂದೆ. ತಂದಿದ್ದರ ಗುರಪ್ಪ ಇರ್ತಿದ್ದ. ವೈನಿಯಾರ ಮಾರಿ ನೋಡಾಕ ಆಗವಲ್ದು ನನಗ.” ಅಕ್ಕನಿಗಾಗಲಿ ಬೇರೆ ಯಾರಿಗಾಗಲಿ ಹೇಳಬೇಡಿರೆಂದು ಕೇಳಿಕೊಂಡ. ಹೇಳುವುದಿಲ್ಲ ಎಂದೆ.

ಮರುವರ್ಷ ಯಾವುದೋ ಪರೀಕ್ಷೆಗೆಂದು ಸಂಗು ಬಂದು ನಮ್ಮಲ್ಲಿ ಉಳಿದ. ಊಟದ ಹೊತ್ತಿನಲ್ಲಿ ತುತ್ತು ಕೈಯಲ್ಲಿಟ್ಟುಕೊಂಡೇ ಅವನೂ ಬಾಯಿ ಬಿಟ್ಟ. ಆ ನಸುಕಿನಲ್ಲಿ ನೀರು ಬಿಡಲು ಹೋಗಬೇಕಾದದ್ದು ಅವನ ಸರದಿಯಂತೆ. ಥಂಡಿಯೆಂದು ಮುಸುಕು ಹಾಕಿ ಮಲಗಿದ್ದನಂತೆ. ಅಪ್ಪ ಬಂದು ನಿಂತದ್ದು ಗೊತ್ತಿದ್ದೂ ನಿದ್ದೆ ಬಂದವರ ಹಾಗೆ ಬಿದ್ದುಕೊಂಡಿದ್ದನಂತೆ. ಅಪ್ಪ ಎಬ್ಬಿಸದೆ ಹೋದನಂತೆ. ಅವ್ವನಿಗೆ ತಿಳಿಸಬೇಡಿ ಎಂದು ಸಂಗು ಕೇಳಿಕೊಂಡ. ಅವನಿಗೂ ಮಾತು ಕೊಟ್ಟೆ.

ಹೀಗೆ ಒಂದೇ ಸಾವಿಗೆ ಮೂರು ತಪ್ಪೊಪ್ಪಿಗೆಗಳು ನನ್ನಲ್ಲಿ ಬಂದು ಸೇರಿದವು. ಮಾಸ್ತರಿಕೆಯ ಮುಖಕ್ಕೆ ಜನ ಗುಟ್ಟು ಹೇಳುತ್ತಾರೆಂದು ಮೊದಲು ತುಸು ಹೆಮ್ಮೆಯೂ ಆಯಿತೆನ್ನಿ. ಆಮೇಲೆ ಭಾರವಾಯಿತು. ಡಾಕ್ಟರ ಮಾತನ್ನು ಮೂವರಿಗೂ ಮತ್ತೆ ಮತ್ತೆ ಹೇಳಿ ನೋಡಿದೆ. ನಿರಪರಾಧಿ ಎಂಬ ತೀರ್ಪು ಅವರಿಗೆ ಬೇಕಿರಲಿಲ್ಲ. ಯಾಕೆ ಬೇಕಿರಲಿಲ್ಲ ಎಂಬುದನ್ನು ನಾನು ಬಹಳ ದಿನ ಯೋಚಿಸಿದ್ದೇನೆ. ತಪ್ಪು ನನ್ನದಾದರೆ, ಅದನ್ನು ತಪ್ಪಿಸುವುದೂ ನನ್ನ ಕೈಯಲ್ಲಿ ಇತ್ತು ಎಂದಾಯಿತು. ಯಾರ ಕೈಯಲ್ಲೂ ಏನೂ ಇರಲಿಲ್ಲ ಎಂಬುದನ್ನು ಒಪ್ಪಿಕೊಳ್ಳುವುದು ಅದಕ್ಕಿಂತ ಕಷ್ಟ. ಬರಿಗೈಯಲ್ಲಿ ನಿಲ್ಲುವುದಕ್ಕಿಂತ ಮುಳ್ಳಿನ ಹೊರೆಯಾದರೂ ಇರಲಿ ಎನಿಸುತ್ತದೆ ಮನುಷ್ಯನಿಗೆ.

ಕೆಲವು ವರ್ಷ ಕಳೆದು ಎಳ್ಳಮಾವಾಸ್ಯೆ ಬಂತು. ನಮ್ಮ ಕಡೆ ಅವತ್ತು ಊರೆಲ್ಲ ಹೊಲಕ್ಕೆ ಹೋಗಿ, ಬೆಳೆಗೆ ಎಡೆ ಚೆಲ್ಲಿ, ಅಲ್ಲೇ ಕೂತು ಉಣ್ಣುತ್ತಾರೆ. ಮಾಮಾ ಹೋದಂದಿನಿಂದ ಆ ಮನೆಯವರು ಹಬ್ಬಕ್ಕೆ ಹೊಲ ಮೆಟ್ಟಿರಲಿಲ್ಲ. ಆ ವರ್ಷ ಗೌರವ್ವ ಹಟ ಹಿಡಿದಳು. ಬೆನ್ನು ಬಾಗಿ, ಹಲ್ಲು ಬಿದ್ದು, ಕಿವಿ ಮಂದವಾಗಿದ್ದ ಮುದುಕಿ. “ನಾ ಬರೂ ವರ್ಷ ಇರ್ತೇನೋ ಇಲ್ಲೋ. ನನ್ನ ಹೊಲಕ್ಕ ನನ್ನ ಕರಕೊಂಡ ಹೋಗ್ರಿ” ಎಂದು ಕೂತಳು. ನಾನೂ ನನ್ನ ಹೆಂಡತಿಯೂ ಹೋಗಿದ್ದೆವು. ರಾಜೇಸಾಬನ ಜೀಪಿನಲ್ಲೇ ಎಲ್ಲರೂ ಹೊರಟೆವು. ಅಕ್ಕ ದಾರಿಯುದ್ದಕ್ಕೂ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

ಬನ್ನಿಗಿಡದ ಕೆಳಗೆ ಜಮಖಾನೆ ಹಾಸಿ, ಬುಟ್ಟಿ ಬಿಚ್ಚಿದೆವು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ. ಸಂಗು ಎಡೆ ಚೆಲ್ಲಿ ಬಂದ. ಎಲ್ಲರ ತಾಟಿಗೂ ಬಡಿಸಿದ ಅಕ್ಕ ಕೂಡಲಿಲ್ಲ. ಅವಳ ಕಣ್ಣು ಬಾವಿಯ ಕಡೆ, ಪಂಪಿನ ಕಡೆ ಹೋಯಿತು. ನನಗೆ ಗೊತ್ತಿತ್ತು, ಈಗ ಬರುತ್ತದೆ ಎಂದು. ಬಂತು.

“ನಾ ಅವತ್ತ ಮುಂಜಾನೆನ ಬಾಗೇವಾಡಿಗಿ ಕರಕೊಂಡ ಹೋಗಿದ್ದರ...”

ಸಂಗು ತಾಟನ್ನು ಕೆಳಗೆ ಕುಕ್ಕಿದ. “ಸಾಕ ಮಾಡವಾ ಇನ್ನ! ಅವತ್ತ ನೀರ ಬಿಡಾಕ ಹೋಗಬೇಕಾದಾಂವ ನಾ. ಎಚ್ಚರ ಇದ್ದೂ ಮುಸುಕ ಹಾಕ್ಕೊಂಡ ಬಿದ್ದಿದ್ದೆ. ಅಪ್ಪ ಬಂದ ನಿಂತಿದ್ದು ಗೊತ್ತಿತ್ತು ನನಗ. ನಾ ಎದ್ದ ಹೋಗಿದ್ದರ ಇವತ್ತ ಅಂವ ಇಲ್ಲಿ ಉಣ್ಣಾಕ ಕುಂಡ್ರತಿದ್ದ.”

ಅಕ್ಕ ಮಗನ ಮುಖವನ್ನೇ ನೋಡಿದಳು. ಅವಳು ಏನಾದರೂ ಅನ್ನುವ ಮೊದಲೇ ರಾಜೇಸಾಬ ಎದ್ದು ನಿಂತಿದ್ದ.

“ಏ ಸಂಗೂ, ನೀ ಸುಮ್ಮ ಕುಂಡ್ರು. ನೀರ ಬಿಡಾಕ ಹೋದ್ರ ಯಾರರ ಸಾಯ್ತಾರೇನು? ದವಾಖಾನಿ ಮುಟ್ಟಿದ್ದರ ಉಳಿತಿದ್ದ. ಮುಟ್ಟಸಲಿಲ್ಲಲ್ಲ, ಅದು ನನ್ನ ಗಾಡಿ. ಸ್ಟೆಪ್ನಿ ಇಲ್ಲದ ಗಾಡಿ ಹೊರಗ ತಗದಾಂವ ನಾ.”

“ನಿನ್ನ ಗಾಡಿ ಏನ ಮಾಡ್ತೈತಿ ರಾಜೇಸಾಬ?” ಅಕ್ಕನ ಧ್ವನಿ ಏರಿತು. “ನಾ ಮುಂಜಾನೆನ ಹೇಳಿ ಕಳಿಸಿದ್ದರ, ಪಂಚರ್ ಆದ್ರೂ ಹೊತ್ತಿತ್ತು.”

“ಹಂಗಲ್ಲ ವೈನಿ...”

“ಹಂಗ ಐತಿ!”

ದೂರದಿಂದ ನೋಡಿದವರಿಗೆ ಬದುವಿನ ಜಗಳದ ಹಾಗೆ ಕಂಡಿದ್ದೀತು. ನನ್ನದು, ಇಲ್ಲ ನನ್ನದು ಎಂದು ಮೂವರೂ ಕೈ ಮಾಡಿ ಕೂಗುತ್ತಿದ್ದರು. ನಗಬಾರದ ಹೊತ್ತಿನಲ್ಲಿ ನನಗೆ ನಗು ಬಂದಂತಾಯಿತು. ಆಗ ಗೌರವ್ವ ಕೋಲಿನಿಂದ ನೆಲಕ್ಕೆ ಬಡಿದಳು. ಮಂದ ಕಿವಿಗೆ ಎಲ್ಲವೂ ಕೇಳಿತ್ತು.

“ಮುಗೀತೇನ್ರಿ ನಿಮ್ಮ ಜಗಳಾ? ಒಬ್ಬಾಕಿ ಅಜವಾನ ಅಂತಾಳ, ಒಬ್ಬಾಂವ ಮುಸುಕ ಅಂತಾನ, ಒಬ್ಬಾಂವ ಟೈರ್ ಅಂತಾನ. ಎಲ್ಲಾರೂ ಒಂದೊಂದ ತಪ್ಪ ಹಂಚ್ಕೊಂಡ್ರಿ. ನಾ ಹಡದಾಕಿ ಅದೇನಿ. ನನ್ನ ಪಾಲಿಗಿ ಏನರ ಬಿಟ್ಟೀರೇನು?”

ಅವಳು ಕೋಲನ್ನು ಒಬ್ಬೊಬ್ಬರ ಕಡೆಗೂ ಚಾಚಿದಳು.

“ಅಂವಗ ಯಾರೂ ಕೊಂದಿಲ್ಲ. ಅಂವ ಸತ್ತಾನ. ನನ್ನ ಮಗಾ ಸತ್ತಾನಂತ ಎಲ್ಲಾರೂ ಕೂಡಿ ಒಮ್ಮಿ ಅಳೂನು ಅಂದ್ರ ಇಷ್ಟ ವರ್ಷ ನೀವು ಅಳಾಕರ ಎಲ್ಲಿ ಬಿಟ್ರಿ? ಬರೇ ನಿಮ್ಮ ನಿಮ್ಮ ತಪ್ಪಿಂದ ಆತು. ಅಂವನ ಹೆಸರ ಎತ್ತಿದರೇನ್ರಿ ಯಾರರ?”

ಹೇಳಿ ಮುಗಿಸಿದವಳೇ “ಗುರಪ್ಪಾ” ಎಂದು ಹೊಲದ ಕಡೆ ತಿರುಗಿ, ಊಟಕ್ಕೆ ಕರೆಯುವವಳ ಹಾಗೆ ಕೂಗಿದಳು. ಅಕ್ಕ ಹೋಗಿ ಅವಳ ತೊಡೆಯ ಮೇಲೆ ಬಿದ್ದಳು. ಸಂಗು ಅಲ್ಲೇ ಮಣ್ಣಲ್ಲಿ ಕೂತ. ರಾಜೇಸಾಬ ಹೆಗಲ ಮೇಲಿನ ಟವೆಲ್ಲನ್ನು ಮುಖಕ್ಕೆ ಮುಚ್ಚಿಕೊಂಡು ಬನ್ನಿಗಿಡಕ್ಕೆ ಆತು ನಿಂತ. ನನ್ನ ಹೆಂಡತಿ ಅಳುತ್ತಲೇ ಎಣ್ಣೆಗಾಯಿಯ ಪಾತ್ರೆಗೆ ಇರುವೆ ಹತ್ತದಂತೆ ಮುಚ್ಚಿಟ್ಟಳು. ಆ ಹೊಲದಲ್ಲಿ ನಾವು ಮಾಮಾನಿಗಾಗಿ ಅತ್ತದ್ದು ಅದೇ ಮೊದಲು. ಅಲ್ಲಿಯವರೆಗೆ ಅತ್ತದ್ದೆಲ್ಲ ನಮ್ಮ ನಮ್ಮ ಸಲುವಾಗಿ.

ಅತ್ತು ಮುಗಿದ ಮೇಲೆ ಮನುಷ್ಯರಿಗೆ ಹಸಿವಾಗುತ್ತದೆ. ಇದನ್ನು ಬರೆಯಲು ಸಂಕೋಚವಾಗುತ್ತದೆ, ಆದರೆ ಆದದ್ದು ಹಾಗೆ. ರೊಟ್ಟಿ ಆರಿ ಗಟ್ಟಿಯಾಗಿದ್ದವು. ಎಲ್ಲರೂ ಉಂಡೆವು. ಅಪ್ಪ ಬದನೆಕಾಯಿಯ ತೊಟ್ಟನ್ನೂ ಬಿಡದೆ ಚೀಪುತ್ತಿದ್ದುದನ್ನು ಸಂಗು ಹೇಳಿದ. ಸಾಲಿಯಲ್ಲಿ ತನ್ನ ಪಾಲಿನ ಏಟನ್ನೂ ಗುರಪ್ಪನೇ ತಿಂದದ್ದನ್ನು ರಾಜೇಸಾಬ ಹೇಳಿದ. ಕೇಳುತ್ತ ಕೇಳುತ್ತ ಅಕ್ಕ ಜಮಖಾನೆಯ ಮೇಲೆ ಮಗ್ಗುಲಾದಳು. ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿತು. ಅವಳು ಸರಿಯಾಗಿ ನಿದ್ದೆ ಮಾಡಿ ವರ್ಷಗಳಾಗಿದ್ದವು ಎಂದು ಸಂಗು ಪಿಸುಗುಟ್ಟಿದ. ನಾವು ಮಾತು ನಿಲ್ಲಿಸಿದೆವು.

ಆ ದಿನದಿಂದ ಅಕ್ಕ ಪೂರ್ತಿ ಬದಲಾದಳು ಎಂದು ಬರೆದರೆ ಸುಳ್ಳಾಗುತ್ತದೆ. ಈಗಲೂ ಚಳಿ ಬಿದ್ದರೆ ಅವಳು ಮಂಕಾಗುತ್ತಾಳೆ. ‘ಹೋಗಿದ್ದರ’ ಈಗಲೂ ಒಮ್ಮೊಮ್ಮೆ ಬಾಯಿಗೆ ಬರುತ್ತದೆ, ಅದರ ಹಿಂದೆಯೇ ಸಂಗುವಿಗೆ ಹೆಣ್ಣು ನೋಡುವ ಮಾತೋ ಎಮ್ಮೆಯ ಮಾತೋ ಬಂದು ಅದನ್ನು ಬದಿಗೆ ಸರಿಸುತ್ತದೆ. ದುಃಖ ಹೋಗಲಿಲ್ಲ. ಅದು ತಾನು ಕೂಡಬೇಕಾದ ಜಾಗದಲ್ಲಿ ಕೂತಿತು, ಮನೆಯಲ್ಲಿ ಉಳಿದವರಿಗೆ ಓಡಾಡಲು ಒಂದಿಷ್ಟು ಜಾಗವಾಯಿತು. ಸಮಾಧಾನ ಎಂದರೆ ಇನ್ನೂ ದೊಡ್ಡದೇನೋ ಇರಬೇಕೆಂದು ನಾನು ತಿಳಿದಿದ್ದೆ. ಇಷ್ಟೇ ಇರಬಹುದು.

ಅವತ್ತು ಹೊತ್ತು ಇಳಿಯುವಾಗ ಅಕ್ಕ ಗಾಬರಿಯಿಂದ ಎದ್ದಳು. ಕೆನ್ನೆಯ ಮೇಲೆ ಜಮಖಾನೆಯ ಗೆರೆಗಳು ಮೂಡಿದ್ದವು. “ಅಯ್ಯ, ಇಷ್ಟೊತ್ತ ಮಲಗಿದ್ನೇನು? ಯಾಕ ಎಬ್ಬಸಲಿಲ್ಲೋ ತಮ್ಮಾ?” ಎಂದಳು. ಚೆನ್ನಾಗಿ ನಿದ್ದೆ ಬಂದದ್ದೂ ಒಂದು ತಪ್ಪೆಂಬಂತೆ ಸುತ್ತ ನೋಡಿದಳು. ಎದ್ದು ಪಕ್ಕದ ಪಟ್ಟಿಗೆ ಹೋಗಿ ಎರಡು ಹಿಡಿ ಹಸಿ ಕಡಲೆಗಿಡ ಕಿತ್ತು ತಂದಳು. ಕಾಯಿ ಬಿಡಿಸಿ ಬಾಯಿಗೆ ಹಾಕಿಕೊಂಡು, ಗಿಡದಿಂದ ಬೆರಳಿಗಂಟಿದ ಹುಳಿ ನೆಕ್ಕಿ ಮುಖ ಕಿವುಚಿದಳು. “ಭಾಳ ಹುಳಿ ಬಿಟ್ಟೈತಿ ಈ ಸಲ” ಎಂದಳು. ನಮಗೂ ಹಂಚಿದಳು.

ಗೌರವ್ವ ಕೋಲು ಚಾಚಿ ಅವಳ ಮೊಣಕಾಲು ತಿವಿದಳು. “ನನಗೂ ನಾಕ ಸುಲದ ಕೊಡವಾ. ಹಲ್ಲ ಇಲ್ಲಂದ್ರ ರುಚಿನೂ ಇಲ್ಲಂತ ತಿಳದೀಯೇನು?”

ಚಳಿಗಾಳಿ ಬೀಸತೊಡಗಿತ್ತು. ಏಳೋಣವೆಂದು ಯಾರೂ ಅನ್ನಲಿಲ್ಲ. ಅಕ್ಕ ಎಳೆಯ ಕಾಯಿಗಳನ್ನು ಆರಿಸಿ, ಒಂದೊಂದೇ ಹಸಿರು ಕಾಳು ಸುಲಿದು, ಅತ್ತೆಯ ಅಂಗೈಯಲ್ಲಿ ಇಡುತ್ತ ಹೋದಳು.